ಅಪ್ಪನ ಭುಜದ ನೋವು ಮತ್ತು ಸರಸ್ವತಿಪುರಂನ ಆ ನರರೋಗ ಕ್ಲಿನಿಕ್

ಅಪ್ಪನಿಗೆ ಬಲಭುಜ ಹಿಡಿದುಕೊಂಡು ಒಂದೂವರೆ ವರ್ಷವಾಗಿತ್ತು. ಮೊದಲು ತೋರಿಸಿದ ಕಡೆ ಫ್ರೋಜನ್ ಶೋಲ್ಡರ್ ಅಂದರು, ಇಂಜೆಕ್ಷನ್ ಕೊಟ್ಟರು, ಶಾಖ ಕೊಡಿಸಿದರು, ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯುರಿ ಬಂತೇ ಹೊರತು ಭುಜ ಹಾಗೇ ಇತ್ತು. ಕೊನೆಗೆ ಮಂಡ್ಯದಿಂದ ಬಸ್ ಹತ್ತಿ ಮೈಸೂರಿನ ಸರಸ್ವತಿಪುರಂನ ಈ ಸಣ್ಣ ಕ್ಲಿನಿಕ್‌ಗೆ ಬಂದೆವು.

ಡಾಕ್ಟರ್ ಭುಜ ಮುಟ್ಟುವ ಮೊದಲೇ ಅಪ್ಪನನ್ನು ನಡೆಸಿ ನೋಡಿದರು. ಬಲಗೈ ಬೀಸುತ್ತಲೇ ಇರಲಿಲ್ಲ. ಹೆಸರು ಬರೆಸಿದರು, ಅಕ್ಷರ ಬರ್ತಾ ಬರ್ತಾ ಚಿಕ್ಕದಾಯಿತು. ಕಬ್ಬಿನ ಲೆಕ್ಕದ ಪುಸ್ತಕದಲ್ಲೂ ಹಾಗೇ ಆಗಿದ್ದನ್ನು ನಾನು ನೋಡಿದ್ದೆ, ಕಣ್ಣಿನ ತೊಂದರೆ ಇರಬೇಕು ಅಂತ ಸುಮ್ನಿದ್ದೆ. ಅದು ಪಾರ್ಕಿನ್ಸನ್ ಕಾಯಿಲೆ, ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆಯಾಗಿ ಕೈಕಾಲು ನಿಧಾನವಾಗುವ, ಬಿಗಿಯುವ ಕಾಯಿಲೆ. ಕೆಲವರಲ್ಲಿ ಕೈ ನಡುಗುವುದಕ್ಕೂ ಮೊದಲೇ ಭುಜ ನೋಯುತ್ತದಂತೆ.

ಡೋಪಮಿನ್ ಅಂದರೆ ಖುಷಿಯ ಕೆಮಿಕಲ್ ಅಂತಷ್ಟೇ ನನಗೆ ಗೊತ್ತಿತ್ತು. ಕೈಕಾಲು ಸರಾಗವಾಗಿ ಆಡುವುದಕ್ಕೂ ಅದು ಬೇಕು. ಯಾವ ನೋವು ಎಷ್ಟು ಕಾಡಬೇಕು ಅನ್ನುವುದರಲ್ಲೂ ಅದರ ಪಾತ್ರ ಇದೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಒಂದು ಡೋಪಮಿನ್ ದಾರಿ, ಕೆಳಗಿನಿಂದ ಮೇಲಕ್ಕೆ ಬರುವ ನೋವಿನ ಸುದ್ದಿಯನ್ನು ಅಲ್ಲೇ ತಗ್ಗಿಸುತ್ತದೆ. ಅಪ್ಪನಿಗೆ ತಿಳಿಯಲಿ ಅಂತ ಡಾಕ್ಟರ್ ನಾಲೆಯ ತೂಬಿನ ಮಾತು ತೆಗೆದರು. ತೂಬು ಇಳಿಸುವವನು ಇಲ್ಲದಿದ್ದರೆ ನೀರೆಲ್ಲ ಗದ್ದೆಗೆ ನುಗ್ಗುತ್ತದೆ ಅಲ್ವಾ, ಹಾಗೆ. ಜೊತೆಗೆ ಸ್ನಾಯು ಬಿಗಿಯುವ ನೋವು ಬೇರೆ. 'ನಿಮ್ಮ ನೋವು ನಿಜ' ಅಂದಾಗ ಅಪ್ಪನ ಕಣ್ಣು ತುಂಬಿತು, ಕೆಲಸಕ್ಕೆ ನೆಪ ಹೇಳುತ್ತಾನೆ ಅಂತ ಊರಲ್ಲಿ ಅನ್ನಿಸಿಕೊಂಡಿದ್ದರು.

ಮನೆಗೆ ಬಂದು ಓದಿದೆ. ಡೋಪಮಿನ್‌ಗೂ ಈ ಕಾಯಿಲೆಗೂ ನಂಟಿದೆ ಅನ್ನುವ ಸುಳಿವನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದಲ್ಲೇ ಕೊಟ್ಟಿದ್ದರು, 2000ದಲ್ಲಿ ಅವರಿಗೆ ನೊಬೆಲ್ ಬಂತು. ಇಷ್ಟು ಹಳೆಯ ವಿಷಯ, ಭುಜ ನೋಡಿದ ಒಬ್ಬರಿಗೂ ಹೊಳೆಯಲಿಲ್ಲವಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಮಾತ್ರೆ ಲೆವೊಡೋಪ. ಡೋಪಮಿನ್ನನ್ನೇ ನುಂಗಿದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಇದು ದಾಟಿ ಒಳಗೆ ಡೋಪಮಿನ್ ಆಗುತ್ತದೆ. ಮಾತ್ರೆ ತಗೊಂಡ ಹೊತ್ತು, ನೋವು ಬಂದ ಹೊತ್ತು ಎರಡನ್ನೂ ಬರೆದಿಡಿ ಅಂದಿದ್ದರು. ಮೂರು ವಾರ ಬರೆದ ಮೇಲೆ ನೋಡಿದರೆ ಮುಂದಿನ ಮಾತ್ರೆಗೆ ಒಂದು ಗಂಟೆ ಇರುವಾಗಲೇ ಭುಜ ಜಾಸ್ತಿ ನೋಯುತ್ತಿತ್ತು. ಅಪ್ಪ ಮುದ್ದೆ, ಹುರುಳಿ ಸಾರು ಉಂಡ ಮೇಲೆ ನುಂಗುತ್ತಿದ್ದರು, ಕಾಳಿನ ಪ್ರೋಟೀನ್ ಮಾತ್ರೆಯ ದಾರಿಗೆ ಅಡ್ಡ ಬರುತ್ತದೆ. ಡಾಕ್ಟರ್ ಊಟಕ್ಕೆ ಅರ್ಧ ಗಂಟೆ ಮೊದಲು ಅಂತ ಬದಲಿಸಿದರು. ಈಗ ಅಂಗಿ ತಾವೇ ಹಾಕಿಕೊಳ್ಳುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಎಲ್ಲ ನೋವೂ ಇದಕ್ಕೆ ಬಗ್ಗುವುದಿಲ್ಲ ಅಂತ ಅವರು ಮೊದಲೇ ಹೇಳಿದ್ದರು.

ಕೊರತೆಯೂ ಇದೆ. ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಬರುವವರೆಲ್ಲ ನಡೆಯಲು ಕಷ್ಟಪಡುವವರು, ಇದನ್ನು ಅವರು ಸರಿಮಾಡಲೇಬೇಕು. ಹತ್ತು ಗಂಟೆಗೆ ಟೋಕನ್ ತಗೊಂಡರೆ ಒಂದು ಗಂಟೆಗೆ ಸರದಿ. ಆದರೆ ಒಳಗೆ ಹೋದ ಮೇಲೆ ಅವಸರ ಮಾಡುವುದಿಲ್ಲ.

ಹೋಗುವಾಗ ಹಳೆಯ ಸ್ಕ್ಯಾನ್ ಜೊತೆಗೆ ಅಪ್ಪ ಅಮ್ಮನ ಕೈಬರಹ ಇರುವ ಹಳೆಯ ಪುಸ್ತಕ ಇದ್ದರೆ ಅದನ್ನೂ ತಗೊಂಡು ಹೋಗಿ.