ಕೀಲು ನೋವಿಗೆ ಎಲ್ಲಿಗೆ ಹೋಗೋದು? ದಾವಣಗೆರೆಯಿಂದ ನಾನು ಓಡಾಡಿದ ನಾಲ್ಕು ಕಡೆ

ಮೊದಲೇ ಹೇಳಿಬಿಡುತ್ತೇನೆ. ಬೆರಳ ಗಿಣ್ಣು ಊದಿಕೊಂಡು ನೋಯುತ್ತಿದ್ದರೆ ನಾನು ಕಳಿಸೋದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ಓಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ. ಅಲ್ಲಿ ಸರಿಯಾಗಿ ಬರೆಸಿದ ರೆಫರಲ್ ಚೀಟಿ ಹಿಡಿದು ಆಮೇಲೆ ಬೆಂಗಳೂರಿನ ಸಂಧಿವಾತ ತಜ್ಞರ ಹತ್ತಿರ ಹೋಗಿ. ನನಗೆ ಈ ದಾರಿ ಸಿಕ್ಕಿದ್ದು ಕೊನೆಗೆ. ಅಷ್ಟರಲ್ಲಿ ಐದು ತಿಂಗಳು ಹೋಗಿತ್ತು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಳೆದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ರೊಟ್ಟಿ ತಟ್ಟಲು ಕೂತರೆ ಬೆರಳು ಬಿಚ್ಚಲೇ ಇಲ್ಲ. ಅಂಗೈ ಹಿಟ್ಟಿನ ಮೇಲೆ ಪೂರ್ತಿ ಕೂರುತ್ತಿರಲಿಲ್ಲ. ರೊಟ್ಟಿ ನಡುವೆ ದಪ್ಪ, ಅಂಚಿನಲ್ಲಿ ಹರಿದುಹೋಯಿತು. ಹತ್ತು ಗಂಟೆ ಹೊತ್ತಿಗೆ ಕೈ ತಾನಾಗಿಯೇ ಸಡಿಲವಾಯಿತು. ಮರುದಿನವೂ ಹಾಗೇ. ಅವ್ವನಿಗೆ 2006ರಲ್ಲಿ ಚಿಕುನ್‌ಗುನ್ಯಾ ಬಂದಿತ್ತು. ನಮ್ಮ ಕಡೆ ಮನೆಮನೆಯಲ್ಲೂ ಜನ ಮಲಗಿದ್ದ ವರ್ಷ ಅದು. ಜ್ವರ ಹೋದ ಮೇಲೂ ಅವ್ವ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದಿದ್ದರು. ಇದೂ ಅಂಥದ್ದೇ ಏನೋ, ಹೋಗುತ್ತೆ ಅಂದುಕೊಂಡೆ. ಆದರೆ ನನಗೆ ಜ್ವರವೇ ಬಂದಿರಲಿಲ್ಲ.

ಮೊದಲು ಹೋಗಿದ್ದು ಮನೆ ಹತ್ತಿರದ ಕ್ಲಿನಿಕ್‌ಗೆ. ನೂರು ರೂಪಾಯಿಯಲ್ಲಿ ಇಂಜೆಕ್ಷನ್, ಐದು ದಿನದ ಗುಳಿಗೆ. ಕಾಯೋದೇ ಬೇಡ. ಮರುದಿನ ಕೈ ಹಗುರ! ಎರಡು ತಿಂಗಳು ಅಲ್ಲಿಗೇ ಹೋದೆ. ಗುಳಿಗೆ ಮುಗಿದ ಎರಡನೇ ದಿನಕ್ಕೆ ನೋವು ವಾಪಸ್.

ಆಮೇಲೆ ಮೂಳೆ ಡಾಕ್ಟರು. ಎಕ್ಸ್‌ರೇ ಮಾಡಿಸಿದರು, ಏನೂ ಕಾಣಲಿಲ್ಲ. ಸಂಧಿವಾತಕ್ಕೆ ಮಾಡೋ ರಕ್ತ ಪರೀಕ್ಷೆ, ಆರ್‌ಎ ಫ್ಯಾಕ್ಟರ್, ನೆಗೆಟಿವ್ ಬಂತು. 'ವಾತ ಅಲ್ಲಮ್ಮ, ಕೆಲಸ ಜಾಸ್ತಿ ಮಾಡ್ತೀರಿ' ಅಂತ ಕ್ಯಾಲ್ಸಿಯಂ, ಹಚ್ಚೋ ಜೆಲ್ ಕೊಟ್ಟರು. ಮಂಡಿ ಸವೆದವರಿಗೆ, ಬಿದ್ದು ಪೆಟ್ಟಾದವರಿಗೆ ಮೂಳೆ ಡಾಕ್ಟರೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನನ್ನದು ಆ ಜಾತಿಯ ನೋವಾಗಿರಲಿಲ್ಲ. ಸಂಧಿವಾತ (ಮೈಯ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳೋ ರುಮಟಾಯ್ಡ್ ಆರ್ಥ್ರೈಟಿಸ್) ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇದ್ದೂ ಕಾಯಿಲೆ ಇರಬಹುದು ಅನ್ನೋದು ನನಗೆ ತಿಳಿದದ್ದು ತಡವಾಗಿ.

ಮೂರನೆಯದು, ಚೀಟಿ ಗೀಟಿ ಏನೂ ಇಲ್ಲದೆ ನೇರವಾಗಿ ಬೆಂಗಳೂರಿಗೆ ಹೋಗಿದ್ದು. ನನಗೆ ಈಗಲೂ ಹೊಟ್ಟೆ ಉರಿಯೋದು ಇದನ್ನು ನೆನೆದರೆ.

ಒಂಬೈನೂರು ರೂಪಾಯಿ ಫೀಸು, ಇಬ್ಬರ ರೈಲು ಚಾರ್ಜು, ಆಟೋ, ಊಟ. ನಮ್ಮ ಮನೆಯವರು ಮಂಡಿ ಅಂಗಡಿಯ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಜೊತೆಗೆ ಬಂದಿದ್ದರು. ತಜ್ಞರು ಕೇಳಿದ ಮೊದಲ ಪ್ರಶ್ನೆ, 'ಇಲ್ಲಿವರೆಗೆ ಏನೇನು ತಗೊಂಡಿದ್ದೀರಿ?' ನಾನು ಪರ್ಸಿನಿಂದ ಕ್ಲಿನಿಕ್‌ನ ಪೊಟ್ಟಣ ತೆಗೆದು ಕೊಟ್ಟೆ. ಬಿಳಿ ಕಾಗದದ ಸಣ್ಣ ಕವರ್. ಮೇಲೆ ಪೆನ್ನಿನಲ್ಲಿ 1-0-1 ಅಂತ ಮಾತ್ರ ಬರೆದಿತ್ತು. ಒಳಗೆ ಬಿಡಿ ಗುಳಿಗೆ: ದೊಡ್ಡದೊಂದು ಹಳದಿ, ಚಿಕ್ಕದೊಂದು ಬಿಳಿ. ಅವರು ಬಿಳಿ ಗುಳಿಗೆಯನ್ನು ಅಂಗೈ ಮೇಲೆ ಹಾಕಿಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. 'ಸ್ಟೀರಾಯ್ಡ್ ಇರಬೇಕು. ಹೆಸರಿಲ್ಲದೆ ಹೆಂಗಮ್ಮ ಹೇಳೋದು?' ಅಂದರು.

ಅವತ್ತು ನನ್ನ ಬೆರಳು ಅಷ್ಟೇನೂ ಊದಿರಲಿಲ್ಲ. ಊರು ಬಿಡುವಾಗ ದಾರಿಯಲ್ಲಿ ನೋವು ಬೇಡ ಅಂತ ಗುಳಿಗೆ ನುಂಗಿಕೊಂಡೇ ಹೋಗಿದ್ದೆ. ಸ್ಟೀರಾಯ್ಡ್ ಊತ ಇಳಿಸುತ್ತದೆ, ಉರಿಯೂತ ತೋರಿಸೋ ರಕ್ತ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿಯನ್ನೂ ಇಳಿಸಿಬಿಡುತ್ತದೆ. ಡಾಕ್ಟರು ನೋಡಬೇಕಾಗಿದ್ದನ್ನೆಲ್ಲ ನಾನೇ ಮುಚ್ಚಿಕೊಂಡು ಅಷ್ಟು ದೂರ ಹೋಗಿದ್ದೆ. ಅವರು ತಪ್ಪು ಹೇಳಲಿಲ್ಲ. ಸಂಶಯ ಇದೆ, ಖಚಿತವಾಗಿ ಹೇಳೋದು ಕಷ್ಟ ಅಂದರು. ಒಂದಷ್ಟು ರಕ್ತ ಪರೀಕ್ಷೆ ಬರೆದರು. ಗುಳಿಗೆಯ ಹೆಸರು ತಿಳಿದುಕೊಳ್ಳಿ, ಊರಿನಲ್ಲೇ ಒಬ್ಬ ಡಾಕ್ಟರನ್ನು ಹಿಡಿದು ನಿಧಾನಕ್ಕೆ ಇಳಿಸಿ, ಆಮೇಲೆ ಬನ್ನಿ ಅಂದರು. ವಾರಗಟ್ಟಲೆ ತಗೊಂಡ ಸ್ಟೀರಾಯ್ಡನ್ನು ಒಮ್ಮೆಲೇ ಬಿಡಬಾರದು, ಜೀವಕ್ಕೇ ಕುತ್ತು ಬರಬಹುದು ಅಂತ ಎರಡೆರಡು ಸಲ ಹೇಳಿದರು.

ವಾಪಸ್ ಬಂದು ಕ್ಲಿನಿಕ್‌ನಲ್ಲಿ ಹೆಸರು ಕೇಳಿದೆ. 'ನಿಮಗ್ಯಾಕಮ್ಮ ಅದೆಲ್ಲ' ಅಂದರು. ಮೂರನೇ ಸಲ ಹೋದಾಗ ಚೀಟಿಯ ಮೂಲೆಯಲ್ಲಿ ಬರೆದುಕೊಟ್ಟರು. ಸ್ಟೀರಾಯ್ಡೇ. ನಾನು ತಿನ್ನೋ ಗುಳಿಗೆಯ ಹೆಸರು ನನಗೆ ಗೊತ್ತಾಗಲು ಮೂರು ಸಲ ಬಾಗಿಲಿಗೆ ಹೋಗಬೇಕೇ?

ಆಗ ಹೋಗಿದ್ದು ಇಲ್ಲಿನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು 1965ರಿಂದ ಇದೆ, ಈಗ ಎರಡಿವೆ. ಆದರೂ ನನಗೆ ಮೊದಲೇ ಹೊಳೆಯಲಿಲ್ಲ ನೋಡಿ. ಸಾಲು ಉದ್ದ ಇರುತ್ತದೆ, ಅರ್ಧ ದಿನ ಬೇಕೇಬೇಕು. ಓಪಿಡಿ ಚೀಟಿಗೆ ಕೊಟ್ಟಿದ್ದು ಐವತ್ತು ರೂಪಾಯಿ.

ಪಿಜಿ ಮಾಡುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿದಳು. ಬೆಳಿಗ್ಗೆ ಎದ್ದ ಮೇಲೆ ಕೈ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಅಂತ ಕೇಳಿದಳು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ಎರಡು ಗಂಟೆ ಅಂದೆ. ಹಸ್ತವನ್ನು ಅಡ್ಡಕ್ಕೆ ಹಿಡಿದು ಬೆರಳ ಬುಡದ ಗಿಣ್ಣುಗಳನ್ನು ಮೆಲ್ಲಗೆ ಒತ್ತಿದಳು, ನಾನು ಕಿರುಚಿಬಿಟ್ಟೆ. ಆಮೇಲೆ ಹಾಳೆಯಲ್ಲಿ ಎರಡು ಕೈ ಚಿತ್ರ ಬರೆದು, ಊದಿದ ಗಿಣ್ಣಿಗೆಲ್ಲ ಚುಕ್ಕಿ ಇಟ್ಟಳು. ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಚುಕ್ಕಿ. ಒಟ್ಟು ಹನ್ನೊಂದು.

ದೊಡ್ಡ ಡಾಕ್ಟರು ಬಂದು ನೋಡಿದರು. ಸ್ಟೀರಾಯ್ಡ್ ಇಳಿಸೋ ಲೆಕ್ಕ ಬರೆದುಕೊಟ್ಟರು. ಸಂಧಿವಾತ ಪತ್ತೆಗೆ ಇರೋ ಇನ್ನೊಂದು ರಕ್ತ ಪರೀಕ್ಷೆ, ಆಂಟಿ-ಸಿಸಿಪಿ ಮಾಡಿಸಿದೆ, 1,200 ರೂಪಾಯಿ ಆಯಿತು. ಪಾಸಿಟಿವ್ ಬಂತು. ಲಿವರ್, ಕಿಡ್ನಿ, ಹೆಪಟೈಟಿಸ್ ಪರೀಕ್ಷೆ, ಎದೆ ಎಕ್ಸ್‌ರೇ ಎಲ್ಲ ಇಲ್ಲೇ ಮುಗಿಯಿತು. ರೆಫರಲ್ ಚೀಟಿ ಒಂದೂವರೆ ಪುಟ ಇತ್ತು: ನೋವು ಯಾವಾಗ ಶುರುವಾಯಿತು, ಯಾವ ಗುಳಿಗೆ ಎಷ್ಟು ವಾರ, ಯಾವ ಪರೀಕ್ಷೆಯಲ್ಲಿ ಎಷ್ಟು ಬಂತು, ಜೊತೆಗೆ ಚುಕ್ಕಿ ಇಟ್ಟ ಆ ಎರಡು ಕೈ. ಅದೇ ತಜ್ಞರ ಹತ್ತಿರ ಮತ್ತೆ ಹೋದಾಗ ಚೀಟಿ ಓದಿದರು, ಕೈ ಮುಟ್ಟಿ ನೋಡಿದರು, ಅವತ್ತೇ ಔಷಧಿ ಶುರು ಮಾಡಿದರು. ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಚೀಟಿಯಲ್ಲಿ 'ಭಾನುವಾರ ಮಾತ್ರ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು. ದಿನಾ ತಗೊಂಡರೆ ವಿಷವಾಗುತ್ತದಂತೆ. ಅದರ ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್. ಕೆಲಸ ಮಾಡೋಕೆ ಒಂದೂವರೆ ಎರಡು ತಿಂಗಳು ಬೇಕು ಅಂದಿದ್ದರು, ನನಗೆ ಏಳನೇ ವಾರಕ್ಕೆ ಗೊತ್ತಾಯಿತು.

ನೇರವಾಗಿ ತಜ್ಞರ ಹತ್ತಿರ ಹೋಗೋದೇ ತಪ್ಪು ಅಂತ ನಾನು ಹೇಳಲ್ಲ. ಬೆಂಗಳೂರಿನಲ್ಲಿ ಮಗನೋ ತಮ್ಮನೋ ಇದ್ದು, ನಾಲ್ಕು ಸಲ ಹೋಗಿ ಬರೋ ಶಕ್ತಿ ಇದ್ದರೆ ಅದೇ ಬೇಗ. ಬಿಪಿಎಲ್ ಕಾರ್ಡ್ ಇರುವವರು ಇಲ್ಲಿನ ಸರ್ಕಾರಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಿ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ನನಗೆ ಒಂದು ದಿನ ಮಿಷನ್ ನಿಂತರೆ ಎರಡು ಬ್ಲೌಸಿನ ದುಡ್ಡು ಹೋಗುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಇಲ್ಲೇ ಓಪಿಡಿಯಲ್ಲಿ, ಬೆಂಗಳೂರಿಗೆ ಮೂರು ತಿಂಗಳಿಗೊಮ್ಮೆ ಮಾತ್ರ.

ಹೋದ ವಾರ ಹೊಳಲ್ಕೆರೆಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು, ಅವಳಿಗೂ ಬೆರಳು ಊದಿದೆಯಂತೆ. ಈಗ ಏನು ತಗೊಳ್ತಿದ್ದೀಯಾ ಅಂದೆ. 'ಒಂದು ಬಿಳಿ ಗುಳಿಗಿ ಕೊಟ್ಟಾರೆ ಅಕ್ಕ' ಅಂದಳು. ಇವತ್ತೇ ಹೋಗಿ ಅದರ ಹೆಸರು ಬರೆಸಿಕೊಂಡು ಬಾ ಅಂದೆ. ಸೋಮವಾರ ಇಲ್ಲಿಗೆ ಬರುತ್ತಾಳೆ, ಓಪಿಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.