ಹೀಟ್ ಪಂಪ್ ಡೆಮೋ ನೋಡಿ ದುಡ್ಡು ಕೊಡ್ಬೇಡಿ, ಮೈಸೂರಿನವರು ದಯವಿಟ್ಟು ಓದಿ

ಹೀಟ್ ಪಂಪ್ ವಾಟರ್ ಹೀಟರ್ ಹಾಕಿಸೋಕೆ ಹೊರಟಿರೋರು ಮೊದಲು ಇದನ್ನ ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ಅಂಗಡಿ ಹೆಸರು ಬರೆಯೋಲ್ಲ, ಆದ್ರೆ ಹೊಟ್ಟೆ ಉರೀತಿದೆ.

ಕುವೆಂಪುನಗರದ ನಮ್ಮನೆ ಪಕ್ಕ ಮೂರಂತಸ್ತು ಎದ್ದ ಮೇಲೆ ಸೋಲಾರ್‌ಗೆ ಬಿಸಿಲೇ ಇಲ್ಲ. ಮಾಮೂಲಿ ಗೀಸರ್‌ನಲ್ಲಿ 200 ಲೀಟರ್ ನೀರನ್ನ 30 ಡಿಗ್ರಿ ಏರಿಸೋಕೆ ಸುಮಾರು 7 ಯೂನಿಟ್ ಬೇಕು. ಹೀಟ್ ಪಂಪ್ ಗಾಳಿಯ ಶಾಖ ಎಳೆದು ನೀರಿಗೆ ಕೊಡೋದು, ಸಿಒಪಿ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತೆ ಅನ್ನೋ ಲೆಕ್ಕ) 3.5 ಇದ್ರೆ 2 ಯೂನಿಟ್ ಸಾಕು. ಇಷ್ಟು ಲೆಕ್ಕ ಮಾಡ್ಕೊಂಡೇ ಹೋಗಿದ್ವಿ. ಎರಡು ಮಾಡೆಲ್ ಮುಂದಿಟ್ರು. ನಾನು ಒಂದನ್ನ ಹೇಳಿದ್ರೆ ಅಂಗಡಿಯವನು, "ಅದು ಸ್ಲೋ ಮೇಡಂ, ಇದು ನೋಡಿ" ಅಂತ ಮುಕ್ಕಾಲು ಗಂಟೇಲಿ ಬಕೆಟ್ ತುಂಬ ಹಬೆಯಾಡೋ ನೀರು ಹಿಡಿದು ತೋರಿಸಿದ. ಅದನ್ನೇ ತಂದ್ವಿ.

ಬಿಲ್ ಬಂತು. ಗೃಹಜ್ಯೋತಿಯಲ್ಲಿ ಸೊನ್ನೆ ಬರ್ತಿದ್ದ ಮನೆ ನಮ್ದು! 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು ಅನ್ನೋದು ಗೊತ್ತೇ ಇದೆಯಲ್ಲ. ದಾಟಿತ್ತು.

ಫೋನ್ ಮಾಡಿದೆ. "ಚಳಿಗಾಲ ಅಲ್ವಾ ಮೇಡಂ." ಮತ್ತೆ ಮಾಡಿದೆ. "ಮನೇಲಿ ಯೂಸೇಜ್ ಜಾಸ್ತಿ ಇರ್ಬೇಕು." ಇನ್ನೊಂದ್ಸಲ ಮಾಡಿದ್ರೆ, "ಸಾರ್ ಇದ್ರೆ ಅವ್ರಿಗೆ ಕೊಡಿ, ಇದು ಟೆಕ್ನಿಕಲ್ ವಿಷ್ಯ"! ಲೆಕ್ಕ ಹಾಕಿದ್ದು ನಾನು, ದುಡ್ಡು ಕೊಟ್ಟಿದ್ದು ನಾನು. ಸಾರ್‌ಗೆ ಟೆಕ್ನಿಕಲ್ ವಿಷ್ಯವಂತೆ.

ಕೊನೆಗೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ ಬಂದು ವೈರ್‌ಗೆ ಕ್ಲಾಂಪ್ ಮೀಟರ್ (ಎಷ್ಟು ಕರೆಂಟ್ ಹರೀತಿದೆ ಅಂತ ತೋರಿಸೋದು) ಹಾಕಿದ. "ಅಕ್ಕಾ, ಬರೀ ಕಂಪ್ರೆಸರ್ ಆದ್ರೆ 3–4 ಆಂಪ್ಸ್ ಬರ್ಬೇಕು. ಇಲ್ಲಿ 12 ಇದೆ, ಒಳಗೆ ಕಾಯಿಲ್ ಉರೀತಿದೆ." 2 ಕಿಲೋವ್ಯಾಟ್ ಕಾಯಿಲ್! ನಾನು ಬೇಡ ಅಂತ ಬಿಟ್ಟು ಬಂದ ಗೀಸರ್ ಇದರ ಹೊಟ್ಟೆಯೊಳಗೇ ಇತ್ತು. ಫಿಟ್ ಮಾಡಿದವರು ಅದನ್ನ ಆನ್ ಮೋಡಲ್ಲೇ ಬಿಟ್ಟು ಹೋಗಿದ್ರು. ಆವಾಗ ತಲೆಗೆ ಹೋಯ್ತು, ಡೆಮೋದಲ್ಲಿ ಹಬೆಯಾಡಿದ್ದೂ ಇದರಿಂದಲೇ. ಅಷ್ಟು ದೊಡ್ಡ ಟ್ಯಾಂಕ್ ಕಂಪ್ರೆಸರ್ ಒಂದರಿಂದಲೇ ಕಾಯೋಕೆ ಮೂರು ಗಂಟೆಯಾದ್ರೂ ಬೇಕು.

ಕಾಯಿಲ್ ಆಫ್ ಮಾಡಿಸಿದ್ರೆ ನೀರು ಸರಿಯಾಗಿ ಕಾಯ್ತಿಲ್ಲ. ಯಾಕೆ? ಗಾಜು ಹಾಕಿ ಮುಚ್ಚಿದ ಯುಟಿಲಿಟಿಯಲ್ಲಿ ಇಟ್ಟಿದ್ದಾರೆ. ಮೆಷಿನ್ ಬಿಟ್ಟ ತಣ್ಣನೆ ಗಾಳಿಯನ್ನೇ ಮೆಷಿನ್ ವಾಪಸ್ ಎಳ್ಕೊಳ್ತಿದೆ. ಕೇಳಿದ್ರೆ, "ಜಾಗ ನೀವೇ ತೋರಿಸಿದ್ದಲ್ವಾ?" ಫಿಟ್ ಮಾಡೋ ದಿನ ಅವರದೇ ಹುಡುಗ ನೋಡಿ "ಸೂಪರ್ ಜಾಗ" ಅಂದಿದ್ದ. ಬೋರ್ ನೀರಿಗೆ ವಾರಂಟಿ ಇಲ್ಲ ಅಂತ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರೋದೂ ಈಗಲೇ ಕಂಡಿದ್ದು.

ತಗೊಳ್ಳೋದಿದ್ರೆ ಕಾಯಿಲ್ ಆಫ್ ಮಾಡಿಸಿ ಡೆಮೋ ಕೇಳಿ. ಸಿಒಪಿ ಎಷ್ಟು ಡಿಗ್ರಿ ಗಾಳಿಗೆ ಹೇಳ್ತಿದ್ದಾರೆ ಅಂತ ಬರೆಸ್ಕೊಳ್ಳಿ. ಗಾಳಿ ಆಡೋ ಕಡೆ ಇಡಿಸಿ. ಮೀಟರ್ ಹಾಕಿ ನೋಡೋವರೆಗೂ ಬ್ಯಾಲೆನ್ಸ್ ಕೊಡಲೇಬೇಡಿ.

ಜಾಗ ಬದಲಾಯಿಸಿ ಕೊಡಿ ಅಂದ್ರೆ ಈಗ ಫೋನೇ ಎತ್ತಲ್ಲ. ನಿನ್ನೆ ಮಾತ್ರ ಅದೇ ನಂಬರಿಂದ ವಾಟ್ಸಾಪ್ ಬಂತು, ಎಎಂಸಿ (ವರ್ಷದ ಸರ್ವಿಸ್ ಕಾಂಟ್ರಾಕ್ಟ್) ಮಾಡಿಸ್ಕೊಳ್ಳಿ ಮೇಡಂ, ಡಿಸ್ಕೌಂಟ್ ಇದೆ ಅಂತ.