ಮಾರುವವರೇ ದುರಸ್ತಿ ಮಾಡಿಸಿಕೊಡುತ್ತೇವೆ ಎಂದರೆ ಹುಷಾರಾಗಿರಿ

ಹಳೆಯ ಮನೆ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ಮುಂಗಡ ಕೊಟ್ಟಾಗಿದ್ದು, ಆ ಮನೆಯಲ್ಲಿ ಈಗ ಗಾರೆ ಕೆಲಸ ನಡೆಯುತ್ತಿದ್ದರೆ ಇವತ್ತೇ ಹೋಗಿ ನೋಡಿಕೊಂಡು ಬನ್ನಿ. ನಮ್ಮ ವ್ಯವಹಾರ ಮುರಿದುಬಿದ್ದದ್ದು ದಾಯಾದಿಗಳ ತಕರಾರಿನಿಂದಲ್ಲ, ದಾಖಲೆಯ ದೋಷದಿಂದಲ್ಲ, ಹಣ ಹೊಂದಿಸಲಾಗದೆಯೂ ಅಲ್ಲ. ಮಾರುವವರು ನಮಗೋಸ್ಕರ ಎಂದು ಮಾಡಿಸಿದ ರಿಪೇರಿಯಿಂದ.

ಮನೆ ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿದೆ. 30x40ರ ನಿವೇಶನ, ಕೆಳಗೊಂದು ಮೇಲೊಂದು ಅಂತಸ್ತು. ತೊಂಬತ್ತರ ದಶಕದಲ್ಲಿ ಪಾಲಿಕೆಯಿಂದ ನಕ್ಷೆ ಮಂಜೂರು ಮಾಡಿಸಿಕೊಂಡೇ ಕಟ್ಟಿದ್ದು. ಈಗಿನಂತೆ ಕಾಲಂ, ಬೀಮುಗಳ ಮನೆಯಲ್ಲ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗಳೇ ಮೇಲಿನ ಭಾರವನ್ನೆಲ್ಲ ಹೊತ್ತಿದ್ದವು. ವಕೀಲರು ಮೂಲ ಕ್ರಯಪತ್ರ, ಋಣಭಾರ ಪತ್ರ, ಇ-ಖಾತೆ, ತೆರಿಗೆ ರಸೀದಿಗಳನ್ನು ನೋಡಿ ಒಪ್ಪಿದರು. ಬ್ಯಾಂಕು ಕಳಿಸಿದ ಎಂಜಿನಿಯರ್ ಅಳತೆ ತೆಗೆದು, ನಕ್ಷೆಗೂ ಮನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಬರೆದುಕೊಟ್ಟರು. ಸಾಲ ಮಂಜೂರಾಯಿತು. ಹತ್ತು ಲಕ್ಷ ರೂಪಾಯಿ ಮುಂಗಡ ಕೊಟ್ಟೆವು.

ಮನೆಗೆ ಇದ್ದ ರೋಗ ಸಣ್ಣದು. ಮೇಲಂತಸ್ತಿನ ಬಚ್ಚಲುಮನೆಯ ನೀರು ಕೆಳಗಿನ ನಡುಮನೆಯ ಮೂಲೆಗೆ ಇಳಿದು ಗೋಡೆ ಹಸಿಯಾಗಿತ್ತು. ತಾರಸಿಯಲ್ಲಿ ಅಲ್ಲಲ್ಲಿ ಬಿರುಕಿತ್ತು. ನಾವು ಬೆಲೆಯಲ್ಲಿ ಸ್ವಲ್ಪ ಇಳಿಸಿ ಎಂದೆವು. ಮಾಲೀಕರು ವಯಸ್ಸಾದವರು, ವ್ಯವಹಾರವೆಲ್ಲ ಅವರ ಮಗನದು. "ಬೆಲೆ ಇಳಿಸುವುದು ಬೇಡ ಮೇಡಂ, ನೋಂದಣಿಯೊಳಗೆ ನಾವೇ ಸರಿಮಾಡಿಸಿ ಕೊಡುತ್ತೇವೆ" ಎಂದರು ಆತ. ದಲ್ಲಾಳಿಯೂ ತಲೆಯಾಡಿಸಿದರು. ಕರಾರುಪತ್ರದಲ್ಲಿ ಒಂದು ಸಾಲು ಸೇರಿತು: "ಮಾರಾಟಗಾರರು ತಮ್ಮ ಸ್ವಂತ ಖರ್ಚಿನಲ್ಲಿ ಅಗತ್ಯ ದುರಸ್ತಿಗಳನ್ನು ಮಾಡಿಸಿಕೊಡತಕ್ಕದ್ದು." ಯಾವ ದುರಸ್ತಿ, ಯಾರಿಂದ, ಯಾರ ಅನುಮತಿಯ ಮೇಲೆ ಎಂಬುದು ಅದರಲ್ಲಿ ಇರಲಿಲ್ಲ. ವಕೀಲರ ಕಚೇರಿಯ ಸಿದ್ಧ ಮಾದರಿಯಲ್ಲಿ ಈ ಸಾಲು ಹೀಗೆಯೇ ಬರುತ್ತದಂತೆ.

ಆಮೇಲೆ ನಡೆದದ್ದು ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಸೋರುವ ಬಚ್ಚಲಿನ ನೆಲ ಅಗೆದು ವಾಟರ್‌ಪ್ರೂಫಿಂಗ್ ಮಾಡಿಸುವುದರ ಬದಲು, ಮೇಸ್ತ್ರಿಯ ಮಾತು ಕೇಳಿ ಆ ಬಚ್ಚಲನ್ನೇ ಮುಚ್ಚಿದರು. ಮನೆಯ ಪಕ್ಕಕ್ಕೆ ಬಿಟ್ಟಿದ್ದ ಓಣಿಯ ಮೇಲೆ ಮೂರಡಿಯಷ್ಟು ಚಪ್ಪಡಿ ಚಾಚಿಸಿ ಅದರ ಮೇಲೆ ಹೊಸ ಬಚ್ಚಲು ಕಟ್ಟಿದರು. ತಾರಸಿಯ ಬಿರುಕಿಗೆ ಮದ್ದೆಂದು ಅರ್ಧ ತಾರಸಿಯ ಮೇಲೆ ಗೋಡೆ ಎಬ್ಬಿಸಿ ಛಾವಣಿ ಹಾಕಿ ಕೋಣೆಯನ್ನೇ ಮಾಡಿದರು. ಇಷ್ಟು ಸಾಲದೆಂದು, ಕೆಳಗಿನ ಅಡುಗೆಮನೆಗೂ ಊಟದ ಜಾಗಕ್ಕೂ ನಡುವಿನ ಗೋಡೆ ಒಡೆದು ತೆರೆದ ಅಡುಗೆಮನೆ. ಅದನ್ನು ಯಾರೂ ಕೇಳಿರಲಿಲ್ಲ. "ಈಗ ಎಲ್ಲರೂ ಹೀಗೆಯೇ ಮಾಡಿಸುತ್ತಾರೆ" ಎಂಬುದು ಸಮಜಾಯಿಷಿ.

ನಾವು ನೋಡುವ ಹೊತ್ತಿಗೆ ಗಾರೆ ಮುಗಿದು ಪುಟ್ಟಿ ಹಚ್ಚುತ್ತಿದ್ದರು. ನಾನು ಮೇಸ್ತ್ರಿಯನ್ನು ಕೇಳಿದೆ, ಇದಕ್ಕೆಲ್ಲ ಪರವಾನಗಿ ಇದೆಯೇ ಎಂದು. "ಇದು ರಿಪೇರಿ ಕೆಲಸ ಅಮ್ಮಾ. ರಿಪೇರಿಗೆ ಯಾರು ಪರ್ಮಿಷನ್ ಕೇಳುತ್ತಾರೆ?" ಮಾಲೀಕರ ಮಗ ನಗುತ್ತಾ, "ಒಂದು ಕೋಣೆ ಪುಕ್ಕಟೆ ಸಿಕ್ಕಿತಲ್ಲ ಮೇಡಂ, ಖುಷಿಪಡಿ" ಎಂದರು.

ಮೇಸ್ತ್ರಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಎಲ್ಲರೂ ಮೋಸಹೋಗುವುದು ಆ ಅರ್ಧದಿಂದಲೇ. ಸುಣ್ಣಬಣ್ಣ, ಗಾರೆ, ತೇಪೆ ಕೆಲಸ, ನೆಲಹಾಸು ಬದಲಿಸುವುದು, ಗೋಡೆಯಲ್ಲಿ ಕಿಟಕಿ ಬಾಗಿಲು ಹೊಸದಾಗಿ ಇಡುವುದು ಅಥವಾ ಇದ್ದದ್ದನ್ನು ಮುಚ್ಚಿಬಿಡುವುದು, ಇಂಥವಕ್ಕೆ ಅನುಮತಿ ಬೇಡವೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಕಟ್ಟಡದ ಬಲಕ್ಕೆ, ಬೆಂಕಿಯ ಸುರಕ್ಷತೆಗೆ, ಕಟ್ಟಡದ ಸಾಮಾನ್ಯ ನಿಯಮಗಳಿಗೆ ಭಂಗ ಬರಬಾರದು. ಭಾರ ಹೊತ್ತ ಗೋಡೆ ಒಡೆದರೆ, ಸುತ್ತ ಖಾಲಿ ಬಿಡಬೇಕಾದ ಜಾಗಕ್ಕೆ ಕಟ್ಟಡ ಚಾಚಿದರೆ, ತಾರಸಿಯ ಮೇಲೆ ಕೋಣೆ ಎದ್ದರೆ ಅದನ್ನು ರಿಪೇರಿ ಎಂದು ಕರೆದು ಪ್ರಯೋಜನವಿಲ್ಲ. ಅದು ಹೊಸ ನಿರ್ಮಾಣ. ಅದಕ್ಕೆ ನಕ್ಷೆ ಬೇಕು, ಪರವಾನಗಿ ಬೇಕು.

ಸಾಲದ ಹಣ ಬಿಡುಗಡೆ ಮಾಡುವ ಮುನ್ನ ಬ್ಯಾಂಕಿನವರು ಅದೇ ಎಂಜಿನಿಯರನ್ನು ಮತ್ತೊಮ್ಮೆ ಕಳಿಸಿದರು. ಒಳಗೆ ಬರುವ ಮೊದಲೇ ಅವರು ಪಕ್ಕದ ಓಣಿಯಲ್ಲಿ ನಿಂತು ತಲೆಯೆತ್ತಿ ನೋಡಿದರು. ಕೈಯಲ್ಲಿ ಹಳೆಯ ನಕ್ಷೆಯ ಪ್ರತಿ. ಅಳೆಯುವ ಪಟ್ಟಿಯ ತುದಿಯನ್ನು ನನ್ನ ಕೈಗೆ ಕೊಟ್ಟು ಕಾಂಪೌಂಡಿಗೆ ಒತ್ತಿ ಹಿಡಿಯಲು ಹೇಳಿದರು. ಹೊಸ ಬಚ್ಚಲಿನ ಕೆಳಗೆ ಪಟ್ಟಿ ಅಂಗೈಯಗಲವೂ ಹೊರಗೆ ಬರಲಿಲ್ಲ. ಪಕ್ಕದ ಮನೆಯ ಕಿಟಕಿಗೂ ನಮ್ಮ ಬಚ್ಚಲಿನ ಗೋಡೆಗೂ ನಡುವೆ ಗಾಳಿ ನುಸುಳಲೂ ಕಷ್ಟ.

ಒಳಗೆ ಅವರು ತೋರಿಸಿದ್ದು ಇನ್ನೂ ಕೆಟ್ಟದ್ದು. ಅಡುಗೆಮನೆಯ ಗೋಡೆ ಒಡೆದ ಜಾಗದ ನೇರಕ್ಕೆ, ಮೇಲಿನ ಕೋಣೆಯ ಬಾಗಿಲಿನ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತ್ತು. ಹೊಸ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣದು. ನಾನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ಅವರು ಜೇಬಿನಿಂದ ಪೆನ್ಸಿಲ್ ತೆಗೆದು ಬಿರುಕಿನ ಎರಡೂ ತುದಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಆ ದಿನದ ತಾರೀಕು ಬರೆದರು. ಗೆರೆ ದಾಟಿ ಮುಂದಕ್ಕೆ ಹೋದರೆ ಬಿರುಕು ಬೆಳೆಯುತ್ತಿದೆ ಎಂದು ತಿಳಿಯಿರಿ ಎಂದರು. ಗೋಡೆ ಒಡೆದಲ್ಲಿ ಕಬ್ಬಿಣದ ತೊಲೆ ಕೊಟ್ಟಿದ್ದಾರೆಯೇ ಎಂದು ಕೇಳಿದಾಗ ಮಾಲೀಕರ ಮಗ ಮೇಸ್ತ್ರಿಯ ಮುಖ ನೋಡಿದರು, ಮೇಸ್ತ್ರಿ ಹೊರಗೆ ನೋಡಿದರು.

ಮಂಜೂರಾದ ನಕ್ಷೆಗೆ ಕಟ್ಟಡ ಹೊಂದುವುದಿಲ್ಲ, ಒಡೆದುಹಾಕುವ ಆದೇಶ ಬರುವ ಸಂಭವವಿದೆ ಎಂದು ವರದಿ ಹೋಯಿತು. ಬ್ಯಾಂಕು ಸಾಲ ತಡೆಹಿಡಿಯಿತು. ನಾನು ಅವರನ್ನು ದೂರುವುದಿಲ್ಲ. ಅನಧಿಕೃತ ನಿರ್ಮಾಣಗಳ ವಿಷಯದಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಪ್ರಕರಣವೊಂದರಲ್ಲಿ ಖಡಾಖಂಡಿತ ತೀರ್ಪು ಕೊಟ್ಟಿದೆ. ಕಟ್ಟಡವನ್ನು ಅಡವಿಟ್ಟು ಸಾಲ ಕೊಡುವ ಬ್ಯಾಂಕುಗಳು ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪೂರ್ಣತಾ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ಪರಿಶೀಲಿಸಿಯೇ ಕೊಡಬೇಕು ಎಂಬುದೂ ಅದರ ನಿರ್ದೇಶನಗಳಲ್ಲಿ ಒಂದು. ಇನ್ನು ಮೇಲೆ ಬ್ಯಾಂಕಿನ ಎಂಜಿನಿಯರ್ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಾರೆ ಎಂದು ಯಾರೂ ಲೆಕ್ಕ ಹಾಕಬೇಡಿ.

ಅಷ್ಟರಲ್ಲಿ ಪಕ್ಕದ ಮನೆಯವರು ಪಾಲಿಕೆಗೆ ದೂರು ಕೊಟ್ಟು, ಗೇಟಿನ ಮೇಲೆ ನೋಟಿಸ್ ಅಂಟಿತ್ತು. ಅವರದೇನು ತಪ್ಪು? ಅವರ ಬೆಳಕು ಹೋಗಿದೆ.

ದಲ್ಲಾಳಿಯ ಹತ್ತಿರ ಪ್ರತಿಯೊಂದಕ್ಕೂ ಉತ್ತರವಿತ್ತು. ಇವೇ ಉತ್ತರಗಳನ್ನು ನಿಮಗೂ ಹೇಳುತ್ತಾರಾದ್ದರಿಂದ ಬರೆಯುತ್ತಿದ್ದೇನೆ.

ಮೊದಲನೆಯದು, "ಅಕ್ರಮ ಸಕ್ರಮ ಬಂದರೆ ಎಲ್ಲ ಸರಿಹೋಗುತ್ತದೆ." ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಸರ್ಕಾರಿ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದು ಜಾರಿಗೆ ಬಂದಿದ್ದರೂ 2013ರ ಅಕ್ಟೋಬರ್ 19ರೊಳಗೆ ಆದ ಉಲ್ಲಂಘನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮೊನ್ನೆ ಕಟ್ಟಿದ ಬಚ್ಚಲಿಗೂ ಅದಕ್ಕೂ ಸಂಬಂಧವೇ ಇಲ್ಲ.

ಎರಡನೆಯದು, "ಐದು ಪರ್ಸೆಂಟ್ ವ್ಯತ್ಯಾಸಕ್ಕೆ ಅವಕಾಶವಿದೆ." ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳಲ್ಲಿ ಶೇ 5ರೊಳಗಿನ ಸಣ್ಣ ಉಲ್ಲಂಘನೆಯನ್ನು ಸಕ್ರಮ ಮಾಡಬಹುದು ಎಂದಿರುವುದು ನಿಜ. ಆದರೆ ಒಂದು ಮೀಟರ್ ಜಾಗ ಬಿಡಬೇಕಾದ ಕಡೆ ಶೇ 5 ಎಂದರೆ ಐದು ಸೆಂಟಿಮೀಟರ್, ಎರಡು ಬೆರಳಗಲಕ್ಕಿಂತ ತುಸು ಹೆಚ್ಚು. ಮೂರಡಿ ಎಲ್ಲಿ, ಎರಡು ಬೆರಳು ಎಲ್ಲಿ?

ಮೂರನೆಯದು, "ತೆರಿಗೆ ಕಟ್ಟಿಬಿಟ್ಟರೆ ಆಯಿತು." ಹೆಚ್ಚುವರಿ ಕೋಣೆಗೆ ಆಸ್ತಿ ತೆರಿಗೆ ಕಟ್ಟಿದರೆ ತೆರಿಗೆ ಸಂದಾಯವಾಗುತ್ತದೆ, ಅಷ್ಟೇ. ಕೋಣೆ ಸಕ್ರಮವಾಗುವುದಿಲ್ಲ.

ನಾಲ್ಕನೆಯದು ನಿಜಕ್ಕೂ ಅಪಾಯಕಾರಿ: "ಬ್ಯಾಂಕು ಬಿಡಿ, ಬೇರೆ ಕಡೆ ಹಣ ಹೊಂದಿಸಿ. ನೋಂದಣಿಗೆ ಏನೂ ಅಡ್ಡಿಯಿಲ್ಲ." ಇದು ನಿಜ. ಉಪನೋಂದಣಾಧಿಕಾರಿಯವರು ಟೇಪು ಹಿಡಿದುಕೊಂಡು ಮನೆ ಅಳೆಯಲು ಬರುವುದಿಲ್ಲ. ದಾಖಲೆ ಸರಿಯಿದ್ದು ಮುದ್ರಾಂಕ ಶುಲ್ಕ ಕಟ್ಟಿದ್ದರೆ ಕ್ರಯಪತ್ರ ನೋಂದಣಿಯಾಗುತ್ತದೆ. ಮರುದಿನದಿಂದ ಗೇಟಿನ ಮೇಲಿನ ನೋಟಿಸ್ ನಮ್ಮದು, ಪಕ್ಕದ ಮನೆಯವರ ಜಗಳ ನಮ್ಮದು, ಬಿರುಕು ನಮ್ಮದು. ಮಾರಿದವರು ಹಣ ಎಣಿಸಿಕೊಂಡು ಕೈತೊಳೆದುಕೊಂಡಿರುತ್ತಾರೆ. ಸಾಲವಿಲ್ಲದೆ ಕೊಳ್ಳುವವರಿಗೆ ಬ್ಯಾಂಕಿನ ಎಂಜಿನಿಯರ್ ಎಂಬ ಕಾವಲೂ ಇರುವುದಿಲ್ಲ. ಅವರು ತಮ್ಮ ಖರ್ಚಿನಲ್ಲೇ ಒಬ್ಬ ಎಂಜಿನಿಯರನ್ನು ಕರೆದೊಯ್ಯುವುದು ಮೇಲು.

ಮುಂಗಡ ವಾಪಸು ಕೇಳಿದಾಗ ಬಂದ ಉತ್ತರಕ್ಕೆ ನನಗೆ ಈಗಲೂ ಮೈ ಉರಿಯುತ್ತದೆ. "ನೀವು ಕೇಳಿದ್ದಕ್ಕೇ ದುರಸ್ತಿ ಮಾಡಿಸಿದ್ದು. ಕರಾರಿನಲ್ಲೇ ಇದೆ. ಈಗ ಕೊಳ್ಳುವುದಿಲ್ಲ ಎಂದರೆ ಮುಂಗಡ ಮುಟ್ಟುಗೋಲು." ನಮ್ಮ ವಕೀಲರು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹಿಡಿದು ನೋಟಿಸ್ ಕಳಿಸಿದರು. ಕೊಳ್ಳುವವರಿಗೆ ತಾವಾಗಿ ಕಾಣದ, ತಮಗೆ ಗೊತ್ತಿರುವ ಮುಖ್ಯ ದೋಷಗಳನ್ನು ಮಾರುವವರು ತಿಳಿಸಲೇಬೇಕು ಎನ್ನುತ್ತದೆ ಅದು. ಕೊಳ್ಳುವವರು ಅನ್ಯಾಯವಾಗಿ ಹಿಂಜರಿದಿಲ್ಲವಾದರೆ, ಮೊದಲೇ ಕೊಟ್ಟ ಹಣಕ್ಕೆ ಆ ಸ್ವತ್ತಿನ ಮೇಲೆಯೇ ಅವರಿಗೆ ಹಕ್ಕಿರುತ್ತದೆ ಎಂಬುದೂ ಅದೇ ಸೆಕ್ಷನ್ನಿನಲ್ಲಿದೆ. ಪಾಲಿಕೆಯ ನೋಟಿಸ್ ಬಾಗಿಲಲ್ಲಿದ್ದದ್ದರಿಂದ ಮಾಲೀಕರಿಗೂ ನ್ಯಾಯಾಲಯಕ್ಕೆ ಹೋಗುವ ಧೈರ್ಯವಿರಲಿಲ್ಲ. ಹಣ ಕಂತು ಕಂತಾಗಿ ಬಂತು, ಪೂರ್ತಿ ಬರಲಿಲ್ಲ. ಸಾಲದ ಪ್ರಕ್ರಿಯಾ ಶುಲ್ಕ, ಎಂಜಿನಿಯರ್ ಶುಲ್ಕ, ವಕೀಲರ ಶುಲ್ಕ ನೀರಿಗೆ ಹಾಕಿದಂತೆ. ಇದ್ದ ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿಯಾಗಿತ್ತು. ಮಾವನವರನ್ನೂ ಕಟ್ಟಿಕೊಂಡು ಇನ್ನೊಂದು ಬಾಡಿಗೆ ಮನೆ ಹುಡುಕಿದ ಸಂಕಟ ಬೇರೆ.

ಈಗ ನನ್ನ ಅಭಿಪ್ರಾಯ ಕೇಳಿದರೆ, ಮಾರುವವರಿಂದ ದುರಸ್ತಿ ಮಾಡಿಸಿಕೊಳ್ಳಲೇಬೇಡಿ. ಕೈಬಿಟ್ಟುಹೋಗುವ ಮನೆಗೆ ಯಾರೂ ಒಳ್ಳೆಯ ಕೆಲಸ ಮಾಡಿಸುವುದಿಲ್ಲ. ಕಣ್ಣಿಗೆ ಕಾಣುವ ಕೆಲಸ ಮಾಡಿಸುತ್ತಾರೆ. ಖರ್ಚಿನ ಅಂದಾಜು ತೆಗೆಸಿ, ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡು, ಆಮೇಲೆ ನೀವೇ ಮಾಡಿಸಿಕೊಳ್ಳಿ. ಅವರು ಒಪ್ಪದಿದ್ದರೆ ಕರಾರಿನಲ್ಲಿ ದುರಸ್ತಿಗಳ ಪಟ್ಟಿಯನ್ನೇ ಅನುಬಂಧವಾಗಿ ಸೇರಿಸಿ. ನಾವು ಈಗ ನೋಡುತ್ತಿರುವ ಇನ್ನೊಂದು ಮನೆಗೆ ವಕೀಲರು ಬರೆದಿರುವ ಸಾಲು ಹೀಗಿದೆ, ಬೇಕಾದವರು ನಿಮ್ಮ ವಕೀಲರಿಗೆ ತೋರಿಸಿ: "ಅನುಬಂಧದಲ್ಲಿ ನಮೂದಿಸಿದ ದುರಸ್ತಿಗಳ ಹೊರತು ಸ್ವತ್ತಿನ ಗೋಡೆ, ಛಾವಣಿ ಮತ್ತು ಹೊರ ಅಳತೆಗಳಲ್ಲಿ ಮಾರಾಟಗಾರರು ಯಾವುದೇ ಮಾರ್ಪಾಡು ಮಾಡತಕ್ಕದ್ದಲ್ಲ. ಪರವಾನಗಿ ಅಗತ್ಯವಿರುವ ಕೆಲಸವನ್ನು ಪರವಾನಗಿ ಪಡೆದೇ ಮಾಡಿಸತಕ್ಕದ್ದು. ಕಟ್ಟಡವು ಮಂಜೂರಾದ ನಕ್ಷೆಗೆ ಹೊಂದದ ಕಾರಣ ಖರೀದಿದಾರರಿಗೆ ಸಾಲ ದೊರೆಯದಿದ್ದಲ್ಲಿ ಮುಂಗಡದ ಪೂರ್ತಿ ಹಣವನ್ನು ಮರಳಿಸತಕ್ಕದ್ದು." ಈ ಕೊನೆಯ ವಾಕ್ಯ ಓದಿ ಮಾರುವವರ ಮುಖ ಹುಳ್ಳಗಾದರೆ ಅಲ್ಲಿಂದ ಎದ್ದು ಬನ್ನಿ.

ಮಂಜೂರಾದ ನಕ್ಷೆಯ ಮೊಬೈಲ್ ಫೋಟೊ ನಂಬಬೇಡಿ. ಪಾಲಿಕೆಯಿಂದ ದೃಢೀಕೃತ ಪ್ರತಿ ತೆಗೆಸಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಯೂ ಕೇಳಬಹುದು. ಮುಂಗಡ ಕೊಡುವ ದಿನವೇ ಪ್ರತಿ ಕೋಣೆಯ, ನಾಲ್ಕೂ ಪಕ್ಕದ ಓಣಿಯ, ತಾರಸಿಯ ವಿಡಿಯೊ ಮಾಡಿಟ್ಟುಕೊಳ್ಳಿ. ಹೊಸ ಬಚ್ಚಲು ಮೊದಲಿನಿಂದಲೂ ಇತ್ತು ಎಂದು ಮಾಲೀಕರ ಮಗ ವಾದಿಸಿದಾಗ ನಮ್ಮ ಕೈಹಿಡಿದದ್ದು, ನನ್ನ ಮಗಳು ಸುಮ್ಮನೆ ಆಟಕ್ಕೆ ತೆಗೆದ ಅಂಥದೊಂದು ವಿಡಿಯೊ.

ಮಾರುವವರಿಗೂ ಒಂದು ಮಾತು. ಪರವಾನಗಿಗೆ ವರ್ಷಗಟ್ಟಲೆ ಅಲೆಯಬೇಕು ಎಂಬ ನೆಪ ಮೊದಲಿನಷ್ಟು ನಡೆಯುವುದಿಲ್ಲ. 50x80 ಅಡಿವರೆಗಿನ ನಿವೇಶನಗಳ ವಾಸದ ಮನೆಗಳಿಗೆ 2024ರಲ್ಲಿ "ನಂಬಿಕೆ ನಕ್ಷೆ" ಯೋಜನೆ ಬಂದಿದೆ. ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕ ಆನ್‌ಲೈನಿನಲ್ಲೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. ಆದರೆ ನಿಯಮದೊಳಗಿನ ಕೆಲಸಕ್ಕೆ ಮಾತ್ರ. ಪಕ್ಕದವರ ಕಿಟಕಿಗೆ ತಾಗುವ ಬಚ್ಚಲಿಗೆ ಯಾವ ಯೋಜನೆಯಲ್ಲೂ ಮಂಜೂರಾತಿ ಇಲ್ಲ.

ಆ ಮನೆ ಮತ್ತೆ ಮಾರಾಟಕ್ಕೆ ಬಂದಿದೆ. ಪೂರ್ತಿ ನವೀಕರಿಸಿದ ಮನೆ, ತೆರೆದ ಅಡುಗೆಮನೆ, ತಾರಸಿ ಕೋಣೆ ಎಂದು ಜಾಹೀರಾತು. ಬೆಲೆ ನಮಗೆ ಹೇಳಿದ್ದಕ್ಕಿಂತ ಹೆಚ್ಚು. ವಿಳಾಸ ಬರೆಯಬೇಡಿ ಎಂದು ನಮ್ಮ ವಕೀಲರು ಹೇಳಿದ್ದಾರೆ, ಬರೆಯುವುದಿಲ್ಲ. ಆ ಕಡೆ ಮನೆ ನೋಡಲು ಹೋಗುವವರು ಬಣ್ಣ ನೋಡುವ ಮೊದಲು ಪಕ್ಕದ ಓಣಿಗೆ ಹೋಗಿ ತಲೆಯೆತ್ತಿ ನೋಡಿ. ಮೇಲಿನ ಕೋಣೆಯ ಬಾಗಿಲಿನ ಮೂಲೆಯಲ್ಲಿ ಪೆನ್ಸಿಲ್ ಗೆರೆ, ತಾರೀಕು ಇನ್ನೂ ಇದ್ದರೆ ನೀವು ಬಂದಿರುವುದು ಅದೇ ಮನೆಗೆ.